ಟೆಕ್ಸಾಸ್‌ನಲ್ಲಿ ಮನೆ ತೆರಿಗೆ: ನೋಟಿಸ್‌ನಲ್ಲಿರುವ ಎರಡು ಬೆಲೆಗಳಲ್ಲಿ ಯಾವುದಕ್ಕೆ ತಕರಾರು?

ಪ್ರಶ್ನೆ: ಡಲ್ಲಾಸ್ ಹತ್ತಿರದ ಫ್ರಿಸ್ಕೋದಲ್ಲಿ ಸ್ವಂತ ಮನೆಯಲ್ಲಿದ್ದೇವೆ. ಏಪ್ರಿಲ್‌ನಲ್ಲಿ ಅಪ್ರೈಸಲ್ ಡಿಸ್ಟ್ರಿಕ್ಟ್‌ನಿಂದ (ತೆರಿಗೆಗಾಗಿ ಮನೆಗಳಿಗೆ ಬೆಲೆ ಕಟ್ಟುವ ಸ್ಥಳೀಯ ಕಚೇರಿ) ನೋಟಿಸ್ ಬಂತು. ಮಾರ್ಕೆಟ್ ವ್ಯಾಲ್ಯೂ 6,20,000 ಡಾಲರ್, ಅಪ್ರೈಸ್ಡ್ ವ್ಯಾಲ್ಯೂ 5,72,000 ಡಾಲರ್ ಎಂದಿದೆ. ಹೋದ ನವೆಂಬರ್‌ನಲ್ಲಿ ಇದೇ ಬೀದಿಯಲ್ಲಿ ನಮ್ಮದೇ ನಕ್ಷೆಯ ಮನೆ, ಈಜುಕೊಳವೂ ಸೇರಿ, 5,65,000ಕ್ಕೆ ಮಾರಾಟವಾಯಿತು. ನಮ್ಮ ಮನೆಯ ಅಡಿಪಾಯ ಕಳೆದ ಬೇಸಿಗೆಯಲ್ಲೇ ಬಿರುಕು ಬಿಟ್ಟಿದೆ. ರಿಪೇರಿಗೆ 18,000 ಡಾಲರ್ ಆಗುತ್ತದಂತೆ. ತಕರಾರು ಹಾಕಿದರೆ ಬೆಲೆ ಇನ್ನೂ ಏರಿಸಿಬಿಡುತ್ತಾರೆ ಎಂದು ನಮ್ಮ ಯಜಮಾನರು ಹೆದರುತ್ತಾರೆ. ನಾವು ಎಚ್-1ಬಿ ವೀಸಾದಲ್ಲಿದ್ದೇವೆ. ಏನು ಮಾಡುವುದು?

ಉತ್ತರ: ತಕರಾರು ಹಾಕಿ. ನಿಮ್ಮ ಪತ್ರ ಓದಿದರೆ ಹಾಕದೇ ಇರಲು ಒಂದೂ ಕಾರಣ ಕಾಣುವುದಿಲ್ಲ.

ಯಜಮಾನರ ಹೆದರಿಕೆಯಿಂದಲೇ ಶುರು ಮಾಡೋಣ. ನಿಮ್ಮ ತಕರಾರನ್ನು ಕೇಳುವ ಅಪ್ರೈಸಲ್ ರಿವ್ಯೂ ಬೋರ್ಡ್, ಡಿಸ್ಟ್ರಿಕ್ಟ್ ಸಲ್ಲಿಸಿರುವ ಬೆಲೆಗಿಂತ ಹೆಚ್ಚಿಗೆ ನಿಗದಿ ಮಾಡುವಂತಿಲ್ಲ. 2019ರಲ್ಲಿ ಟೆಕ್ಸಾಸ್ ಶಾಸನಸಭೆ ಕಾನೂನು ಬದಲಿಸಿ ಈ ರಕ್ಷಣೆ ಕೊಟ್ಟಿದೆ. ವೀಸಾ ವಿಚಾರಕ್ಕಂತೂ ಇಲ್ಲಿ ಜಾಗವೇ ಇಲ್ಲ. ಮನೆ ಯಾರ ಹೆಸರಲ್ಲಿದೆಯೋ ಅವರಿಗೆಲ್ಲ ಈ ಹಕ್ಕಿದೆ, ಪೌರತ್ವ ಬೇಕಿಲ್ಲ. ಊರಲ್ಲಿ ಮನೆಯ ಅಳತೆ, ವಲಯ ಎಲ್ಲ ನಾವೇ ತುಂಬಿ ತೆರಿಗೆ ಕಟ್ಟಿ ಅಭ್ಯಾಸವಾದವರಿಗೆ ಸರ್ಕಾರಿ ನೋಟಿಸ್ ಅಂದಕೂಡಲೇ ತಪ್ಪು ಮಾಡಿದೆವೇನೋ ಅನ್ನಿಸುವುದು ಸಹಜ. ಟೆಕ್ಸಾಸ್‌ನಲ್ಲಿ ಬೆಲೆ ಕಟ್ಟುವುದು ಅವರ ಕೆಲಸ, ಒಪ್ಪದಿದ್ದರೆ ಹೇಳುವುದು ನಿಮ್ಮ ಕೆಲಸ. ಪ್ರತಿ ವರ್ಷ ಲಕ್ಷಗಟ್ಟಲೆ ಜನ ಹೇಳುತ್ತಾರೆ.

ಈಗ ಆ ಎರಡು ಅಂಕಿಗಳಿಗೆ ಬನ್ನಿ. ಬಹಳ ಜನ ಎಡವುವುದು ಇಲ್ಲೇ. ಸ್ವಂತ ವಾಸದ ಮನೆಗೆ ಹೋಮ್‌ಸ್ಟೆಡ್ ವಿನಾಯಿತಿ ಇದ್ದರೆ, ಹೊಸದಾಗಿ ಏನೂ ಕಟ್ಟಿಸದಿದ್ದಾಗ, ತೆರಿಗೆಗೆ ಲೆಕ್ಕ ಹಿಡಿಯುವ ಬೆಲೆ, ಅಂದರೆ ಅಪ್ರೈಸ್ಡ್ ವ್ಯಾಲ್ಯೂ, ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರುವಂತಿಲ್ಲ. ಹಾಗಾಗಿ ಹೋದ ವರ್ಷ ನಿಮ್ಮದು 5,20,000 ಇದ್ದಿರಬೇಕು, ಈಗ 5,72,000. ವಿನಾಯಿತಿ ಕಳೆದು ನಿಮ್ಮ ತೆರಿಗೆ ಲೆಕ್ಕವಾಗುವುದು ಈ ಅಂಕಿಯಿಂದ, 6,20,000ದಿಂದ ಅಲ್ಲ. ಅಧಿಕಾರಿ ಫೋನ್ ಮಾಡಿ, ‘ಮಾರ್ಕೆಟ್ ವ್ಯಾಲ್ಯೂ 5,90,000ಕ್ಕೆ ಇಳಿಸುತ್ತೇವೆ, ಒಪ್ಪಿಗೆಯೇ?’ ಎಂದರೆ 30,000 ಡಾಲರ್ ಉಳಿಯಿತೆಂದು ಖುಷಿಯಾಗುತ್ತದೆ. ಈ ವರ್ಷದ ಬಿಲ್ಲಿನಲ್ಲಿ ಒಂದು ಡಾಲರ್ ಕೂಡ ಕಡಿಮೆಯಾಗುವುದಿಲ್ಲ. 5,72,000ಕ್ಕಿಂತ ಕೆಳಗೆ ಬಂದರೆ ಮಾತ್ರ ನಿಮಗೆ ಲಾಭ.

ಬರುತ್ತದೆಯೇ? ಲೆಕ್ಕ ಹಾಕೋಣ. ನಿಮ್ಮ ಬೀದಿಯ ಆ ಮನೆ 5,65,000. ಅದಕ್ಕಿರುವ ಈಜುಕೊಳ ನಿಮಗಿಲ್ಲ. ಡಿಸ್ಟ್ರಿಕ್ಟ್ ವೆಬ್‌ಸೈಟ್‌ನಲ್ಲಿ ಆ ಮನೆಯ ವಿವರ ತೆಗೆದರೆ ಕೊಳಕ್ಕೆ ಅವರೇ ಎಷ್ಟು ಬೆಲೆ ಕಟ್ಟಿದ್ದಾರೆಂದು ಸಾಮಾನ್ಯವಾಗಿ ಸಿಗುತ್ತದೆ. 20,000 ಎಂದೇ ಇಟ್ಟುಕೊಳ್ಳಿ: 5,45,000 ಆಯಿತು. ಅಡಿಪಾಯದ 18,000 ಕಳೆದರೆ 5,27,000. ಸ್ಥಳೀಯ ದರಗಳೆಲ್ಲ ಸೇರಿ ಶೇ 2 ಇದ್ದರೆ, ಇಳಿದ 45,000ಕ್ಕೆ ಸುಮಾರು 900 ಡಾಲರ್ ಉಳಿತಾಯ. ಮುಂದಿನ ವರ್ಷದ ಶೇ 10ರ ಮಿತಿಯೂ ಈ ಇಳಿದ ಬೆಲೆಯಿಂದಲೇ ಎಣಿಕೆಯಾಗುತ್ತದೆ ಎನ್ನುವುದು ಇನ್ನೂ ದೊಡ್ಡ ಲಾಭ.

ಒಂದೇ ಮಾರಾಟ ಸಾಲದು, ಮೂರ್ನಾಲ್ಕು ಬೇಕು. ಟೆಕ್ಸಾಸ್‌ನಲ್ಲಿ ಮಾರಾಟದ ಬೆಲೆಯನ್ನು ಬಹಿರಂಗಪಡಿಸಬೇಕೆಂಬ ಕಡ್ಡಾಯವಿಲ್ಲ, ಹೀಗಾಗಿ ಸಾರ್ವಜನಿಕ ದಾಖಲೆಗಳಲ್ಲಿ ಹುಡುಕಿ ಸುಸ್ತಾಗಬೇಡಿ. ಮನೆ ಕೊಡಿಸಿದ ರಿಯಲ್ಟರನ್ನೇ ಕೇಳಿ, ಅವರ ಬಳಿ ಪಟ್ಟಿ ಇರುತ್ತದೆ. ಬೆಲೆ ಕಟ್ಟುವುದು ಜನವರಿ 1ರಂದು ಮನೆ ಹೇಗಿತ್ತೋ ಅದಕ್ಕೆ, ಆದ್ದರಿಂದ ಅದಕ್ಕೆ ಹತ್ತಿರದ ಮಾರಾಟಗಳಿಗೇ ತೂಕ ಹೆಚ್ಚು. ಮಾರಾಟ ಸಿಗದಿದ್ದರೆ ಇನ್ನೊಂದು ದಾರಿಯಿದೆ: ಸುತ್ತಲಿನ ನಿಮ್ಮಂಥದೇ ಮನೆಗಳಿಗೆ ಡಿಸ್ಟ್ರಿಕ್ಟ್ ಕಡಿಮೆ ಬೆಲೆ ಕಟ್ಟಿದ್ದರೆ, ‘ಅಸಮಾನ ಮೌಲ್ಯಮಾಪನ’ ಎಂಬ ಕಾರಣವನ್ನೂ ತಕರಾರಿನ ಫಾರಂನಲ್ಲಿ ಗುರುತು ಹಾಕಿ. ನಾನಂತೂ ಇದಕ್ಕೂ, ಮಾರ್ಕೆಟ್ ವ್ಯಾಲ್ಯೂ ಹೆಚ್ಚಾಗಿದೆ ಎಂಬುದಕ್ಕೂ, ಎರಡೂ ಕಾರಣಗಳಿಗೆ ಗುರುತು ಹಾಕಿ ಎಂದೇ ಹೇಳುತ್ತೇನೆ.

ಬಿರುಕು ನಿಮ್ಮ ಕೈಯಲ್ಲಿರುವ ಅತ್ಯಂತ ಗಟ್ಟಿ ಸಾಕ್ಷಿ. ಸಾವಿರಾರು ಮನೆಗಳಿಗೆ ಒಟ್ಟಿಗೆ ಬೆಲೆ ಕಟ್ಟುವವರು ನಿಮ್ಮ ಮನೆಯೊಳಗೆ ಕಾಲಿಟ್ಟಿರುವುದಿಲ್ಲ. ಡಲ್ಲಾಸ್ ಸುತ್ತಿನ ಜೇಡಿಮಣ್ಣು ಬೇಸಿಗೆಯಲ್ಲಿ ಕುಗ್ಗಿ ಮಳೆಗೆ ಹಿಗ್ಗುತ್ತದೆ, ಅಡಿಪಾಯದ ತೊಂದರೆ ಅಲ್ಲಿ ಯಾರಿಗೂ ಹೊಸದಲ್ಲ. ಆದರೂ ‘ಬಿರುಕಿದೆ’ ಎಂದು ಬಾಯಲ್ಲಿ ಹೇಳಿದರೆ ನಡೆಯದು. ಇಂಚುಪಟ್ಟಿ ಹಿಡಿದು ತೆಗೆದ ಫೋಟೊ, ಮುಚ್ಚಲಾಗದ ಬಾಗಿಲಿನ ಫೋಟೊ, ಗುತ್ತಿಗೆದಾರರ ಸಹಿ ಇರುವ ಅಂದಾಜು ಪಟ್ಟಿ ಬೇಕು. ಬಿರುಕು ಜನವರಿ 1ಕ್ಕೂ ಮೊದಲಿನದು ಎಂದು ಅದರಲ್ಲೇ ಬರೆಸಿಕೊಳ್ಳಿ.

ಪ್ರೊಟೆಸ್ಟ್ (ತಕರಾರು) ಸಲ್ಲಿಸಲು ಮೇ 15 ಕೊನೆಯ ದಿನ, ಅಥವಾ ನೋಟಿಸ್ ಕಳಿಸಿದ ದಿನದಿಂದ 30 ದಿನ. ಯಾವುದು ತಡವೋ ಅದು. ಸಲ್ಲಿಸುವಾಗಲೇ ಡಿಸ್ಟ್ರಿಕ್ಟ್ ನಿಮ್ಮ ವಿರುದ್ಧ ಬಳಸಲಿರುವ ಸಾಕ್ಷಿಯನ್ನು ಲಿಖಿತವಾಗಿ ಕೇಳಿ. ನೀವು ಕೇಳಿಯೂ ವಿಚಾರಣೆಗೆ 14 ದಿನ ಮೊದಲು ಕೊಡದಿದ್ದರೆ ಅದನ್ನು ಅವರು ಬೋರ್ಡಿನ ಮುಂದೆ ಬಳಸುವಂತಿಲ್ಲ. ಅನೇಕ ತಕರಾರುಗಳು ಅಧಿಕಾರಿಯ ಜೊತೆಗಿನ ಮಾತುಕತೆಯಲ್ಲೇ ಮುಗಿಯುತ್ತವೆ. ಅಲ್ಲಿ ‘ತೆರಿಗೆ ಜಾಸ್ತಿಯಾಯಿತು, ಮಕ್ಕಳ ಫೀಸ್ ಇದೆ’ ಎನ್ನಬೇಡಿ. ತೆರಿಗೆ ದರ ಅವರ ಕೈಯಲ್ಲಿಲ್ಲ. ‘ಜನವರಿ 1ರಂದು ಈ ಮನೆಯ ಬೆಲೆ 5,27,000, ಕಾರಣ ಇಲ್ಲಿದೆ’ ಎಂದು ಕಾಗದ ಮುಂದಿಡಿ. ಮಾತುಕತೆ ಮುರಿದರೆ ಬೋರ್ಡ್. ಫೋನ್ ಅಥವಾ ವಿಡಿಯೊ ಮೂಲಕವೂ ಹಾಜರಾಗಬಹುದು.

ಉಳಿತಾಯದಲ್ಲಿ ಪಾಲು ಪಡೆದು ಈ ಕೆಲಸ ಮಾಡಿಕೊಡುವ ಕಂಪನಿಗಳಿವೆ. ನಿಮ್ಮಷ್ಟು ಸ್ಪಷ್ಟ ಸಾಕ್ಷಿ ಇರುವವರಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ನಿಮ್ಮ ಮನೆಯ ಬಿರುಕು ನಿಮಗೆ ಗೊತ್ತಿರುವಷ್ಟು ಅವರಿಗೆ ಗೊತ್ತಿರದು.

ಬೋರ್ಡಿನ ತೀರ್ಪೂ ಒಪ್ಪಿಗೆಯಾಗದಿದ್ದರೆ ಆದೇಶ ಕೈಸೇರಿದ 60 ದಿನಗಳೊಳಗೆ ಠೇವಣಿ ಇಟ್ಟು ಮಧ್ಯಸ್ಥಿಕೆ ಕೇಳಬಹುದು, ಇಲ್ಲವೇ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು. ಅಷ್ಟು ದೂರ ಹೋದರೂ ತಕರಾರಿಲ್ಲದ ಮೊತ್ತದ ತೆರಿಗೆಯನ್ನು ಜನವರಿ 31ರೊಳಗೆ ಕಟ್ಟಲೇಬೇಕು, ಇಲ್ಲದಿದ್ದರೆ ಮುಂದುವರಿಸುವ ಹಕ್ಕೇ ಹೋಗುತ್ತದೆ.