ಆಟಗಳಿಂದ ನಗರದ ಬದುಕು ನಿಜಕ್ಕೂ ಸುಧಾರಿಸುತ್ತದೆಯೇ? ಹೇಗೆ?

ಸುಧಾರಿಸುತ್ತದೆ, ಆದರೆ ಆಟದ ಜಾಗ ಮನೆಯ ಹತ್ತಿರವೇ ಇರಬೇಕು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1947ರಿಂದ ಮೂರು ದಶಕಗಳಲ್ಲಿ ನೂರಾರು ಆಟದ ಜಾಗಗಳನ್ನು ರೂಪಿಸಿದರು, ಹಲವು ಪಾಳುಬಿದ್ದ ನಿವೇಶನಗಳಲ್ಲೇ. ಮರಳುಗುಂಡಿ, ಹತ್ತಲು ಲೋಹದ ಕಮಾನು, ಜಿಗಿಯಲು ಕಾಂಕ್ರೀಟ್ ದಿಮ್ಮಿಗಳು, ದೊಡ್ಡವರಿಗೆ ಬೆಂಚು. ಬೆಂಚನ್ನು ಕಡೆಗಣಿಸಬೇಡಿ; ನೆರೆಹೊರೆಯವರ ಪರಿಚಯ ಬೆಳೆಯುವುದು ಅಲ್ಲೇ.

ಕಡಿಮೆ ಖರ್ಚಿನ ದಾರಿ ಎಂದರೆ 'ಆಟದ ಬೀದಿ'. ಬಸ್ಸು ಓಡಾಡದ ಚಿಕ್ಕ ರಸ್ತೆಯನ್ನು ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ, ಅದೇ ದಿನ ಅದೇ ಹೊತ್ತಿಗೆ, 2–3 ಗಂಟೆ ಮುಚ್ಚುವುದು. ಮೊದಲು ಪ್ರತಿ ಮನೆಗೂ ತಿಳಿಸಿ, ಸ್ಥಳೀಯ ಆಡಳಿತದ ಅನುಮತಿ ಪಡೆಯಿರಿ. ಎರಡೂ ತುದಿಯಲ್ಲಿ ಅಡ್ಡಗಟ್ಟೆ, ಹೊಳೆಯುವ ಜಾಕೆಟ್ ತೊಟ್ಟ ಇಬ್ಬಿಬ್ಬರು ಸ್ವಯಂಸೇವಕರು ಬೇಕು. ಅಲ್ಲಿಯ ನಿವಾಸಿಗಳ ಕಾರು ಬಂದರೆ ಮಕ್ಕಳನ್ನು ಬದಿಗೆ ಕರೆದು, ಒಬ್ಬರು ಮುಂದೆ ನಡೆಯುತ್ತಾ ನಡಿಗೆಯ ವೇಗದಲ್ಲೇ ಒಳಗೆ ಬಿಡಬೇಕು. ಕಾರಿನವರನ್ನು ಪೂರ್ತಿ ತಡೆದರೆ ಮುಂದಿನ ಸಲ ಮೊದಲ ದೂರು ಅವರದೇ.

ಸಾಮಾನ್ಯವಾಗಿ ಎಡವುವುದು ಎರಡು ಕಡೆ. ವರ್ಷಕ್ಕೊಮ್ಮೆ ಮಾಡಿದರೆ ಅದು ಜಾತ್ರೆಯಾಗುತ್ತದೆ, ಒಡನಾಟ ಬೆಳೆಯುವುದಿಲ್ಲ. ಸ್ಪರ್ಧೆ, ಬಹುಮಾನ ಇಟ್ಟರೆ ಚುರುಕಾದ ನಾಲ್ವರು ಆಡುತ್ತಾರೆ, ಉಳಿದವರು ನೋಡುತ್ತಾ ನಿಲ್ಲುತ್ತಾರೆ. ಸೀಮೆಸುಣ್ಣ, ಹಗ್ಗ, ಮೆದು ಚೆಂಡು ಇಟ್ಟು ದೊಡ್ಡವರು ಹಿಂದೆ ಸರಿದರೆ ಸಾಕು.

ನಡೆದದ್ದಕ್ಕೆ ಅಂಕ ಕೊಟ್ಟು ಆಟದಂತೆ ಹುರಿದುಂಬಿಸುವ ಆ್ಯಪ್‌ಗಳ ಬಗ್ಗೆ ನನಗೆ ಅಷ್ಟು ನಂಬಿಕೆಯಿಲ್ಲ. 2009ರಲ್ಲಿ ಸ್ಟಾಕ್‌ಹೋಮ್‌ನ ಮೆಟ್ರೋ ನಿಲ್ದಾಣವೊಂದರ ಮೆಟ್ಟಿಲುಗಳನ್ನು ತುಳಿದರೆ ಸ್ವರ ಹೊಮ್ಮುವ ಪಿಯಾನೋ ಮಾಡಿದಾಗ ಜನ ಎಸ್ಕಲೇಟರ್ ಬಿಟ್ಟು ಹತ್ತಿದ್ದು ನಿಜ, ಆದರೆ ಅಂಥ ಸೆಳೆತದಲ್ಲಿ ಹೊಸತನದ ಪಾಲೇ ದೊಡ್ಡದು. ಹೆಜ್ಜೆಗೆ ಅಂಕ ಇಟ್ಟರಂತೂ ಕೂತಲ್ಲೇ ಫೋನ್ ಅಲ್ಲಾಡಿಸುವವರೂ ಹುಟ್ಟಿಕೊಳ್ಳುತ್ತಾರೆ.