ಅಕ್ಕಿ ಡಬ್ಬದಲ್ಲಿದ್ದ ತೋಟಾ

ಮೈಸೂರಿನ ಓದುಗರೊಬ್ಬರ ಪತ್ರ: "ಫ್ಲಾರಿಡಾದಲ್ಲಿ ಮಗಳ ಮನೆಯಲ್ಲಿ ನಾಲ್ಕು ತಿಂಗಳಿದ್ದೆ. ಪಕ್ಕದ ಮನೆಯಾತನ ಹೆಂಡತಿ ಪೊಲೀಸರಿಗೆ ಒಂದು ಫೋನ್ ಮಾಡಿದಳು. ಅವನ ಮೂರೂ ಬಂದೂಕು ಹೊತ್ತೊಯ್ದರು. ಅವನು ಯಾರಿಗೂ ಏನೂ ಮಾಡಿರಲಿಲ್ಲ. ರೆಡ್ ಫ್ಲ್ಯಾಗ್ ಕಾನೂನಂತೆ. ತಪ್ಪು ಮಾಡುವ ಮೊದಲೇ ಶಿಕ್ಷೆ, ಇದ್ಯಾವ ನ್ಯಾಯ?"

ರಾಯರೇ,

ನಿಮ್ಮ ಅಕ್ಷರವೂ ಚಂದ, ಸಿಟ್ಟೂ ಚಂದ. ತನಗೋ ಬೇರೆಯವರಿಗೋ ಅಪಾಯ ಮಾಡಬಹುದು ಅನ್ನಿಸಿದವನ ಬಂದೂಕನ್ನು ಕೋರ್ಟಿನ ಆದೇಶದಿಂದ ಸ್ವಲ್ಪ ಕಾಲ ತೆಗೆದಿಡುವುದೇ ಈ ರೆಡ್ ಫ್ಲ್ಯಾಗ್, ಅಂದರೆ ಕೆಂಪು ಬಾವುಟದ ಕಾನೂನು. ಹುಸಿ ದೂರು ಕೊಡುವವರು ಎಲ್ಲ ದೇಶದಲ್ಲೂ ಇದ್ದಾರೆ. 2018ರಲ್ಲಿ ಮೇರಿಲ್ಯಾಂಡಿನಲ್ಲಿ ಇಂಥದ್ದೇ ಆದೇಶ ಹಿಡಿದು ನಸುಕಿನಲ್ಲಿ ಬಾಗಿಲು ಬಡಿದ ಪೊಲೀಸರ ಗುಂಡಿಗೇ ಮನೆಯಾತ ಸತ್ತ. ಅದು ಸಣ್ಣ ಮಾತಲ್ಲ, ಒಪ್ಪಿದೆ.

ಆದರೆ ಶಿಕ್ಷೆ ಅಂದಿರಲ್ಲ, ಅಲ್ಲಿ ಎಡವಿದಿರಿ. ಫ್ಲಾರಿಡಾದಲ್ಲಿ ಹೆಂಡತಿ ನೇರವಾಗಿ ಕೋರ್ಟಿಗೆ ಹೋಗುವ ಹಾಗೇ ಇಲ್ಲ. ಪೊಲೀಸರೇ ಅರ್ಜಿ ಹಾಕಬೇಕು, ನ್ಯಾಯಾಧೀಶರು ಆದೇಶ ಕೊಡಬೇಕು. 14 ದಿನದೊಳಗೆ ವಿಚಾರಣೆ. ಅಲ್ಲಿ ಬಲವಾದ ಸಾಕ್ಷಿ ಇದ್ದರೆ ಮಾತ್ರ ಆದೇಶ ಮುಂದುವರಿಯುತ್ತದೆ, ಅದೂ ಒಂದು ವರ್ಷ ಮೀರದಂತೆ. ಬೇಕೆಂದರೆ ಮತ್ತೆ ಕೇಳಿ ಮುಂದುವರಿಸಿಕೊಳ್ಳಬೇಕು. ಇದರಲ್ಲಿ ಜೈಲಿನ ಮಾತೆಲ್ಲಿ ಬಂತು?

ನಮ್ಮ ಮಲೆನಾಡಿನ ಮನೆಯಲ್ಲೂ ಒಂದು ಜೋಡುನಳಿಗೆ ಕೋವಿ ಇತ್ತು, ಹಂದಿ ಓಡಿಸಲಿಕ್ಕೆ. ಒಂದು ವರ್ಷ ಅಡಿಕೆಗೆ ಕೊಳೆ ಬಂತು, ಸಾಲ ಮೇಲೆ ಬಿತ್ತು, ದೊಡ್ಡಪ್ಪ ಮಾತು ಬಿಟ್ಟ. ರಾತ್ರಿ ಜಗಲಿಯಲ್ಲಿ ಕೋವಿ ತೊಡೆ ಮೇಲಿಟ್ಟುಕೊಂಡು ಒರೆಸುತ್ತಾ ಕೂರುತ್ತಿದ್ದ. ಅಜ್ಜಿ ಯಾರಿಗೂ ಏನೂ ಹೇಳಲಿಲ್ಲ. ತೋಟಾಗಳನ್ನೆಲ್ಲ ಅಕ್ಕಿ ಡಬ್ಬದ ತಳಕ್ಕೆ ಹಾಕಿ ಮೇಲೆ ಅಕ್ಕಿ ಸುರಿದಳು. ಮಳೆಗಾಲ ಮುಗಿದ ಮೇಲೆ ದೊಡ್ಡಪ್ಪ ಮತ್ತೆ ತೋಟಕ್ಕೆ ಇಳಿದ. ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದ. ಅಜ್ಜಿ ಅವನಿಗೆ ಶಿಕ್ಷೆ ಕೊಟ್ಟಳಾ?

ಅಮೆರಿಕದಲ್ಲಿ ಬಂದೂಕಿನಿಂದ ಸಾಯುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮ ಪ್ರಾಣ ತಾವೇ ಕಳೆದುಕೊಂಡವರು. 2021ರ ಲೆಕ್ಕದಲ್ಲಿ ಸುಮಾರು 48,800 ಸಾವಿನಲ್ಲಿ 26,300 ಅಂಥವು. ಈ ಕಾನೂನು ಮೊದಲು ಬಂದದ್ದು ಕನೆಕ್ಟಿಕಟ್‌ನಲ್ಲಿ, 1999ರಲ್ಲಿ. ಹಿಂದಿನ ವರ್ಷ ಅಲ್ಲಿನ ಲಾಟರಿ ಕಚೇರಿಯಲ್ಲಿ ನೌಕರನೊಬ್ಬ ನಾಲ್ವರನ್ನು ಕೊಂದಿದ್ದ. ಡ್ಯೂಕ್ ವಿಶ್ವವಿದ್ಯಾಲಯದ ಜೆಫ್ರಿ ಸ್ವಾನ್ಸನ್ ಮತ್ತು ಜೊತೆಗಾರರು ಅಲ್ಲಿನ ಪ್ರಕರಣಗಳನ್ನು ನೋಡಿ ಕೊಟ್ಟ ಅಂದಾಜು ಇದು: ಹತ್ತರಿಂದ ಇಪ್ಪತ್ತು ಮನೆಗಳಲ್ಲಿ ಬಂದೂಕು ತೆಗೆದರೆ ಒಂದು ಜೀವ ಉಳಿಯುತ್ತದೆ. ನಿಮಗದು ಕಡಿಮೆ ಅನ್ನಿಸಬಹುದು. ಆ ಒಬ್ಬ ನಮ್ಮ ದೊಡ್ಡಪ್ಪನಂಥವನಾದರೆ?

ಫ್ಲಾರಿಡಾದ ಕಥೆಯೂ ನಿಮಗೆ ಗೊತ್ತೇ ಇದೆ. 2018ರ ಫೆಬ್ರವರಿ 14ರಂದು ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ ಹುಡುಗನೊಬ್ಬನ ಗುಂಡಿಗೆ 17 ಜನ ಸತ್ತರು. ಒಂದು ತಿಂಗಳ ಹಿಂದೆಯೇ ಆ ಹುಡುಗನ ಬಗ್ಗೆ ಎಫ್‌ಬಿಐಗೆ ಫೋನ್ ಹೋಗಿತ್ತು. ಯಾರೂ ಕದಲಲಿಲ್ಲ. ಮುಂದಿನ ತಿಂಗಳೇ ಕಾನೂನು ಬಂತು. ಸಹಿ ಹಾಕಿದ್ದು ರಿಕ್ ಸ್ಕಾಟ್, ಬಂದೂಕಿನ ಪರ ನಿಲ್ಲುವ ರಿಪಬ್ಲಿಕನ್ ಪಕ್ಷದ ಗವರ್ನರ್!

ನನ್ನ ತಕರಾರು ಬೇರೆ. ಕಾನೂನಿದ್ದೂ ಬಾಯಿ ಬಿಡದವರ ಮೇಲೆ ನನಗೆ ಸಿಟ್ಟು. ಇಲಿನಾಯ್‌ನ ಹೈಲ್ಯಾಂಡ್ ಪಾರ್ಕ್‌ನಲ್ಲಿ 2019ರಲ್ಲೇ ಒಬ್ಬ ಹುಡುಗ ಮನೆಯವರನ್ನೆಲ್ಲ ಕೊಲ್ಲುತ್ತೇನೆ ಅಂದಿದ್ದ. ಪೊಲೀಸರು ಬಂದು 16 ಚಾಕು ಒಯ್ದರು. ಅಪ್ಪ ಹೋಗಿ 'ಅವು ನನ್ನವು' ಅಂತ ವಾಪಸ್ ತಂದ. ಕೆಲವೇ ತಿಂಗಳಲ್ಲಿ ಮಗನ ಬಂದೂಕು ಪರವಾನಗಿ ಅರ್ಜಿಗೆ ತಾನೇ ಸಹಿಯನ್ನೂ ಹಾಕಿದ. 2022ರ ಜುಲೈ 4ರ ಮೆರವಣಿಗೆಯಲ್ಲಿ ಆ ಮಗನ ಗುಂಡಿಗೆ ಏಳು ಜನ ಸತ್ತರು. ಕೆಂಪು ಬಾವುಟದ ಕಾನೂನು ಆ ರಾಜ್ಯದಲ್ಲಿ ಇತ್ತು. ಯಾರೂ ಬಳಸಲಿಲ್ಲ, ಅಷ್ಟೆ.

ಇದನ್ನು ಓದಿದಾಗ ನನಗೆ ನಮ್ಮ ಮನೆಗಳೇ ನೆನಪಾದವು. ಮಗ ಮೂರು ತಿಂಗಳಿಂದ ಕೋಣೆ ಬಿಟ್ಟು ಬಂದಿಲ್ಲ, ಕೇಳಿದರೆ 'ಪರೀಕ್ಷೆಗೆ ಓದ್ತಿದ್ದಾನೆ'. ಗಂಡ ಕುಡಿದು ಕತ್ತಿ ಹಿಡಿಯುತ್ತಾನೆ, ಕೇಳಿದರೆ 'ಸ್ವಲ್ಪ ಕೋಪ ಜಾಸ್ತಿ'. ಮನೆ ಮಾತು ಬೀದಿಗೆ ಬರಬಾರದಂತೆ! ಮಾನಸಿಕ ವೈದ್ಯರ ಹತ್ತಿರ ಹೋದದ್ದು ಗೊತ್ತಾದರೆ ತಂಗಿಗೆ ಗಂಡು ಸಿಗುವುದಿಲ್ಲವಂತೆ. ಈ ಪತ್ರಿಕೆಗೆ ಹೆಸರು ಹಾಕದೆ ಬರುವ ಪತ್ರಗಳಲ್ಲಿ ಹೆಚ್ಚಿನವು ಇಂಥವೇ, ಬಹುಪಾಲು ಹೆಂಗಸರದ್ದು. ನಿಮ್ಮ ನೆರೆಯ ಹೆಂಗಸು ಹೆಸರು ಹೇಳಿ ಫೋನ್ ಮಾಡಿದಳಲ್ಲ, ಅದಕ್ಕೆ ಎಷ್ಟು ಧೈರ್ಯ ಬೇಕು ಅಂತ ಯೋಚಿಸಿದಿರಾ?

ಅಂದ ಹಾಗೆ, ನಮ್ಮೂರಲ್ಲಿ ಎಲೆಕ್ಷನ್ ಬಂತೆಂದರೆ ಒಂದು ತಪ್ಪೂ ಮಾಡದ ಅಡಿಕೆ ಬೆಳೆಗಾರರು ಕೋವಿಯನ್ನು ಸ್ಟೇಷನ್ನಿಗೆ ಕೊಟ್ಟು ಸುಮ್ನೆ ರಸೀದಿ ತರುತ್ತಾರೆ. ಗೊಣಗುತ್ತಾರೆ, ನಿಜ. ಫಲಿತಾಂಶದ ನಂತರ ಹೋಗಿ ವಾಪಸ್ ತರುತ್ತಾರೆ.

ವಿಚಾರಣೆಗೆ ಮೊದಲೇ ನೀವು ವಿಮಾನ ಹತ್ತಿಬಿಟ್ಟಿದ್ದೀರಿ. ಮಗಳಿಗೆ ಫೋನ್ ಮಾಡಿದಾಗ ನ್ಯಾಯಾಧೀಶರು ಏನಂದರೆಂದು ಕೇಳಿ. ಆ ಹೆಂಗಸು ಹೇಗಿದ್ದಾಳೆ ಅಂತಲೂ ಕೇಳಿ ಬರೆಯಿರಿ.

ಸಂ.