ಹೆಸರು ಮುಚ್ಚಿಟ್ಟಿರುವ ಮನೆ ವೈಫೈಗೆ ಲ್ಯಾಪ್‌ಟಾಪ್ ಸೇರಿಸುವುದು ಹೇಗೆ?

ನಿಮ್ಮ ತಮ್ಮ ಮನೆಯ ವೈಫೈ ಹೆಸರನ್ನು ಮುಚ್ಚಿಟ್ಟಿದ್ದಾನೆ, ಫೋನ್‌ಗಳೆಲ್ಲ ಕನೆಕ್ಟ್ ಆಗಿವೆ, ಹೊಸ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಹೆಸರೇ ಕಾಣ್ತಿಲ್ಲ ಅಂತ ಕೇಳಿದ್ದೀರಿ. ಲ್ಯಾಪ್‌ಟಾಪ್ ಕೆಟ್ಟಿಲ್ಲ ಬಿಡಿ. ಕಾಣಬಾರದು ಅಂತಲೇ ತಾನೆ ಮುಚ್ಚಿಟ್ಟಿರುವುದು? ಹೆಸರನ್ನು ನೀವೇ ಟೈಪ್ ಮಾಡಬೇಕು.

ವಿಂಡೋಸ್ 11 ಆದರೆ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಅದರೊಳಗೆ ವೈಫೈ, ಆಮೇಲೆ ಮ್ಯಾನೇಜ್ ನೋನ್ ನೆಟ್‌ವರ್ಕ್ಸ್. ಅಲ್ಲಿ ಆ್ಯಡ್ ನೆಟ್‌ವರ್ಕ್ ಒತ್ತಿ. ಹೆಸರು ಹಾಕಿ, ಸೆಕ್ಯುರಿಟಿ ಟೈಪ್‌ನಲ್ಲಿ ಡಬ್ಲ್ಯುಪಿಎ2-ಪರ್ಸನಲ್ ಆರಿಸಿ (ಸಾಮಾನ್ಯವಾಗಿ ಮನೆ ರೂಟರ್‌ಗಳಲ್ಲಿ ಇದೇ ಇರುತ್ತದೆ), ಪಾಸ್‌ವರ್ಡ್ ಕೊಡಿ. ಕೆಳಗೆ ಎರಡು ಚೌಕಗಳಿವೆ. ತಾನಾಗಿ ಕನೆಕ್ಟ್ ಆಗಲಿ ಅನ್ನುವುದು ಒಂದು, ಹೆಸರು ಕಾಣದಿದ್ದರೂ ಕನೆಕ್ಟ್ ಆಗಲಿ ಅನ್ನುವುದು ಇನ್ನೊಂದು. ಎರಡಕ್ಕೂ ಟಿಕ್ ಹಾಕಿ ಸೇವ್ ಮಾಡಿ.

ಎಲ್ಲರೂ ಎಡವುವುದು ಹೆಸರಿನಲ್ಲೇ. ಮಾಮೂಲಿ ವೈಫೈ ತನ್ನ ಹೆಸರನ್ನು ಸೆಕೆಂಡಿಗೆ ಸುಮಾರು ಹತ್ತು ಸಲ ಕೂಗಿ ಹೇಳುತ್ತಿರುತ್ತದೆ. ಮುಚ್ಚಿಟ್ಟರೆ ಆ ಕೂಗಿನಲ್ಲಿ ಹೆಸರಿನ ಜಾಗ ಖಾಲಿ. ಆಗ ಲ್ಯಾಪ್‌ಟಾಪೇ ಹೆಸರು ಹಿಡಿದು ಕರೆಯಬೇಕು. ಒಂದು ಅಕ್ಷರ ತಪ್ಪಿದರೂ ರೂಟರ್ ಓಗೊಡುವುದಿಲ್ಲ, ಹೆಸರು ತಪ್ಪು ಅಂತ ಹೇಳುವುದೂ ಇಲ್ಲ.

ಸಕಲೇಶಪುರದ ಅಕ್ಕನ ಮನೆಯಲ್ಲಿ ನಾನು ಇದಕ್ಕೇ ಒಂದು ಮಧ್ಯಾಹ್ನ ಕಳೆದೆ. ಹೊರಗೆ ಜಡಿಮಳೆ, ಎರಡು ಸಲ ಕರೆಂಟ್ ಬೇರೆ ಹೋಯ್ತು. ‘ಮನೆ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟಿದ್ದೀನಿ ಅಂದ ಅಕ್ಕನ ಮಗ. ದೊಡ್ಡ ಅಕ್ಷರದಲ್ಲಿ ಹಾಕಿದೆ, ಸಣ್ಣ ಅಕ್ಷರದಲ್ಲಿ ಹಾಕಿದೆ, ಊಹೂಂ. ಕೊನೆಗೆ ಫೋನ್‌ನ ಬ್ರೌಸರ್‌ನಲ್ಲಿ 192.168.1.1 ಹಾಕಿ ರೂಟರ್‌ನ ಸೆಟ್ಟಿಂಗ್ಸ್ ಪುಟ ತೆಗೆದೆ (ಕೆಲವು ರೂಟರ್‌ಗಳಲ್ಲಿ 192.168.0.1 ಇರುತ್ತದೆ). ಹೆಸರಿನ ಮುಂದೆ ಬೆರಳಿಟ್ಟರೆ ಕರ್ಸರ್ ಕೊನೆಯ ಅಕ್ಷರಕ್ಕೆ ಅಂಟಿಕೊಳ್ಳಲಿಲ್ಲ. ಒಂದು ಅಕ್ಷರದಷ್ಟು ಆಚೆ ನಿಂತು ಮಿಟುಕುತ್ತಿತ್ತು. ಹುಡುಗ ಹೆಸರಿನ ಕೊನೆಗೆ ಒಂದು ಸ್ಪೇಸ್ ಒತ್ತಿಬಿಟ್ಟಿದ್ದ! ಅದನ್ನೂ ಸೇರಿಸಿ ಟೈಪ್ ಮಾಡಿದೆ, ತಕ್ಷಣ ಕನೆಕ್ಟ್ ಆಯ್ತು. ನೀವೂ ಹೆಸರನ್ನು ತಮ್ಮನ ಬಾಯಿಂದ ಕೇಳಬೇಡಿ, ರೂಟರ್ ಪುಟದಲ್ಲೇ ನೋಡಿ.

ಹೆಸರು ಸರಿಯಿದ್ದೂ ಆಗದಿದ್ದರೆ, ಲ್ಯಾಪ್‌ಟಾಪ್ ಹಳೆಯ ಮಾದರಿಯೇ ನೋಡಿ. ಕೆಲವು ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬಗೆಯ ಸಿಗ್ನಲ್ ಬಿಡುತ್ತವೆ, ಎರಡಕ್ಕೂ ಬೇರೆ ಬೇರೆ ಹೆಸರಿರಬಹುದು. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳಿಗೆ 5 ಗಿಗಾಹರ್ಟ್ಸ್ ಸಿಗುವುದೇ ಇಲ್ಲ, 2.4ರ ಹೆಸರೇ ಕೊಡಬೇಕು.

ಇನ್ನೊಂದು ಮಾತು, ತಮ್ಮನಿಗೆ ಬೇಜಾರಾಗಬಹುದು. ಹೆಸರು ಮುಚ್ಚಿಟ್ಟರೆ ಭದ್ರತೆ ಏನೂ ಜಾಸ್ತಿ ಆಗುವುದಿಲ್ಲ. ಫೋನ್ ಕನೆಕ್ಟ್ ಆಗುವ ಹೊತ್ತಿಗೆ ಹೆಸರು ಗಾಳಿಯಲ್ಲಿ ಬಿಚ್ಚಿಕೊಂಡೇ ಹೋಗುತ್ತದೆ. ಗೊತ್ತಿರುವವರು ಪುಕ್ಕಟೆ ಸಾಫ್ಟ್‌ವೇರ್‌ನಲ್ಲೇ ಹಿಡಿಯುತ್ತಾರೆ. ಮೇಲಾಗಿ, ಹೀಗೆ ಸೇವ್ ಮಾಡಿದ ಲ್ಯಾಪ್‌ಟಾಪ್ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ತೆರೆದರೂ ನಿಮ್ಮ ಮನೆ ವೈಫೈ ಹೆಸರು ಹಿಡಿದು ಕರೆಯಬಹುದು. ಅದಕ್ಕಿಂತ ಉದ್ದನೆಯ ಪಾಸ್‌ವರ್ಡ್ ಇಟ್ಟು ಹೆಸರನ್ನು ಸುಮ್ನೆ ಕಾಣುವಂತೆ ಬಿಡುವುದು ವಾಸಿ.

ಅಕ್ಕನ ಮನೆಯಲ್ಲಿ ಈಗ ಹಾಗೇ ಬಿಟ್ಟಿದ್ದಾರೆ. ಆ ಸ್ಪೇಸ್ ಮಾತ್ರ ಇನ್ನೂ ಇದೆ. ತೆಗೆದರೆ ಟೀವಿ, ಕ್ಯಾಮೆರಾ, ಎಲ್ಲರ ಫೋನ್‌ಗೂ ಮತ್ತೆ ಪಾಸ್‌ವರ್ಡ್ ಹಾಕಬೇಕಲ್ಲ ಅಂತ ಯಾರೂ ಮುಟ್ಟಿಲ್ಲ.